ಹೋಟೆಲಿನಿಂದ ಬರುತ್ತಿದ್ದ ಮನೆಯೂಟ

ಮುಂಬಯಿ ಬಳಿಯ ಬೇಲಾಪುರದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಡಬ್ಬಿಗಳು ತೆರೆದುಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ತಾಯಿಯ ಕೈರುಚಿಯ ಮಾತು ತೆಗೆಯುತ್ತಿದ್ದರು. ಹೊರಗೆ ಎಷ್ಟು ತಿಂದರೂ ಅಮ್ಮ ಮಾಡಿದ ಬೇಳೆಯ ಸಾರಿಗೆ ಸಮನಲ್ಲ ಎಂದು ಒಬ್ಬಳು ಹೇಳಿದರೆ, ಉಳಿದವರು ಹೂಂ ಎನ್ನುತ್ತಾ ತಮ್ಮ ತಮ್ಮ ಮನೆಯ ಒಂದೊಂದು ಪದಾರ್ಥ ನೆನೆಯುವರು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಆ ಮಾತಿಗೆ ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಮುಂದೆ ನನ್ನನ್ನು ಸಾಕಿದ್ದು ಅಪ್ಪಯ್ಯ, ಮತ್ತು ಅಪ್ಪಯ್ಯ ಅಡುಗೆ ಮಾಡುತ್ತಿದ್ದ, ಠಾಣೆ ಪಟ್ಟಣದ ಹೋಟೆಲು.

ನಾವು ಕುಂದಾಪುರದ ಕಡೆಯವರು. ಇದ್ದದ್ದು ಠಾಣೆಯ ಖಾಡಿಯ, ಎಂದರೆ ಕಡಲ ಹಿನ್ನೀರಿನ, ಆಚೆ, ಕಳವಾದಲ್ಲಿ, ಒಂದೇ ಕೋಣೆಯಲ್ಲಿ. ಅಪ್ಪಯ್ಯ ಬೆಳಕು ಹರಿಯುವ ಮೊದಲೇ ಲೋಕಲ್ ಹಿಡಿದು ಹೋದರೆ ಬರುವುದು ಸಂಜೆ. ಅಷ್ಟು ಹೊತ್ತು ಪಕ್ಕದ ಕೋಣೆಯ, ನಾನು ಮಾವಶಿ ಎಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸು ನನ್ನನ್ನು ನೋಡಿಕೊಳ್ಳುತ್ತಿದ್ದರು. ಅವರು ಮರಾಠಿಯವರು, ಗಂಡ ರೈಲ್ವೆಯ ಕಾರ್‌ಶೆಡ್‌ನಲ್ಲಿ ಕೆಲಸಕ್ಕಿದ್ದರು. ಸಂಜೆ ಅಪ್ಪಯ್ಯನ ಕೈಯಲ್ಲಿ ಸ್ಟೀಲಿನ ಕ್ಯಾರಿಯರ್ ಇರುತ್ತಿತ್ತು. ಕೆಳಗಿನ ಡಬ್ಬಿಯಲ್ಲಿ ಅನ್ನ, ನಡುವಿನದರಲ್ಲಿ ಸಾಂಬಾರು, ಮೇಲಿನದರಲ್ಲಿ ಪಲ್ಯವೋ, ಎರಡು ವಡೆಯೋ, ಹಬ್ಬದ ದಿನವಾದರೆ ಸ್ವಲ್ಪ ಶಿರಾ. ರಾತ್ರಿಯ ಊಟ ಅದೇ. ಬೆಳಗಿನ ತಿಂಡಿಗೆ ಉಳಿದರೆ ಅದೂ ಅದೇ. ನಮ್ಮ ಮನೆಯ ಒಲೆಯ ಮೇಲೆ ಚಹಾ ಬಿಟ್ಟರೆ ಗಂಜಿ ಮಾತ್ರ ಆಗುತ್ತಿತ್ತು, ಅದೂ ಅಪ್ಪಯ್ಯನ ರಜೆಯ ದಿನ. ವಾರವಿಡೀ ನೂರಾರು ಜನಕ್ಕೆ ಬೇಯಿಸಿದವನಿಗೆ ಆ ದಿನ ಒಗ್ಗರಣೆಯ ವಾಸನೆಯೇ ಬೇಡವಾಗಿರುತ್ತಿತ್ತು. ಗಂಜಿ, ಮಿಡಿ ಉಪ್ಪಿನಕಾಯಿ ಉಂಡು ಮಧ್ಯಾಹ್ನವೆಲ್ಲ ಗೋಡೆಗೆ ಕಾಲೆತ್ತಿ ಇಟ್ಟುಕೊಂಡು ಮಲಗುತ್ತಿದ್ದ. ದಿನವೂ ನಿಂತು ನಿಂತು ಅವನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು.

ಶಾಲೆಯಲ್ಲಿ ನನ್ನ ಡಬ್ಬಿಯ ಸುತ್ತ ಹುಡುಗಿಯರು ಮುತ್ತಿಕೊಳ್ಳುತ್ತಿದ್ದರು. ನಿನಗೆ ದಿನಾ ಹೋಟೆಲಿನ ತಿಂಡಿಯೇ ಎಂದು ಕಣ್ಣರಳಿಸಿ ಕೇಳುವರು. ನಾನು ವಡೆ ಕೊಟ್ಟು ಅವರ ಚಪಾತಿ ಇಸಿದುಕೊಳ್ಳುತ್ತಿದ್ದೆ. ಆ ಚಪಾತಿಗಳು ಒಂದೊಂದು ಒಂದೊಂದು ಆಕಾರದಲ್ಲಿರುತ್ತಿದ್ದವು, ಕೆಲವು ಸೀದಿರುತ್ತಿದ್ದವು. ಯಾರೋ ಒಬ್ಬಳು ಬೆಳಗಿನ ಗಡಿಬಿಡಿಯಲ್ಲಿ ಒಬ್ಬ ಮಗಳಿಗಾಗಿಯೇ ಲಟ್ಟಿಸಿದ್ದು ಎಂಬುದು ಅವುಗಳನ್ನು ನೋಡಿದರೇ ತಿಳಿಯುತ್ತಿತ್ತು. ನನ್ನ ಡಬ್ಬಿಯ ವಡೆಗಳು ಮಾತ್ರ ಎಲ್ಲವೂ ಒಂದೇ ಅಳತೆಯವು.

ಓದು ಮುಗಿಸಿ ನನಗೆ ನೌಕರಿ ಸಿಕ್ಕಿದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಅಷ್ಟರಲ್ಲಿ ಅಪ್ಪಯ್ಯ ಕಾಲುನೋವಿನಿಂದ ಕೆಲಸ ಬಿಟ್ಟಿದ್ದ. ಮೊದಲ ಸಂಬಳ ಬಂದ ವಾರ ಅವನನ್ನು ಠಾಣೆಗೆ ಕರೆದುಕೊಂಡು ಹೋದೆ. ಅವನು ದುಡಿದ ಹೋಟೆಲಿಗೆ ಬೇಡ ಎಂದ, ಅದಕ್ಕೆ ಬೇರೊಂದಕ್ಕೆ ಹೋದೆವು. ಅದೂ ನಮ್ಮೂರ ಕಡೆಯವರದೇ. ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಕುರ್ಚಿಯ ತುದಿಯಲ್ಲಿ, ಯಾರೋ ಎಬ್ಬಿಸಲಿದ್ದಾರೆ ಎನ್ನುವ ಹಾಗೆ ಕುಳಿತ. ಮಾಣಿ ನೀರಿನ ಲೋಟ ತಂದಿಟ್ಟಾಗ ಅರ್ಧ ಎದ್ದೇಬಿಟ್ಟ.

"ಸರಿಯಾಗಿ ಕೂತುಕೊ ಅಪ್ಪಯ್ಯ," ಎಂದೆ.

"ನಂಗೆ ಇಲ್ಲಿ ಕೂಕಂಬುಕೆ ಒಂಥರಾ ಆತ್ ಮಗಾ," ಎಂದು ನಕ್ಕ.

ಅವನ ಕಣ್ಣು ಅಡುಗೆಮನೆಯ ಬಾಗಿಲ ಮೇಲೇ ಇತ್ತು. ಬಾಗಿಲು ತೆರೆದಾಗಲೆಲ್ಲ ಒಳಗಿನಿಂದ ಕಾವಲಿಗೆ ನೀರು ಚಿಮುಕಿಸಿದ ಸದ್ದು ಬರುತ್ತಿತ್ತು. ಇಡ್ಲಿ ಸಾಕು ಎಂದವನಿಗೆ ನಾನು ಒತ್ತಾಯ ಮಾಡಿ ಮಸಾಲೆ ದೋಸೆ, ಬಾಳೆಹಣ್ಣಿನ ಬನ್ಸ್ ತರಿಸಿದೆ. ಹೇಗಿದೆ ಎಂದು ಕೇಳಿದ್ದಕ್ಕೆ, ಪಾಪ, ಭಾನುವಾರದ ರಶ್ಶಿನಲ್ಲಿ ಇಷ್ಟು ಮಾಡಿದ್ದೇ ಹೆಚ್ಚು ಎಂದ. ಉಂಡು ಮುಗಿದ ಮೇಲೆ ಇಬ್ಬರ ತಟ್ಟೆಯನ್ನೂ ಒಂದರ ಮೇಲೊಂದು ಇಟ್ಟುಕೊಂಡು ಎದ್ದು ಹೊರಟ. ಮಾಣಿ ಓಡಿ ಬಂದು, "ಅಣ್ಣಾ, ಬಿಡಿ, ಬಿಡಿ, ನಾನು ತಕೊಳ್ತೇನೆ," ಎಂದು ಕೈಯಿಂದ ಬಿಡಿಸಿಕೊಂಡ. ನಾವು ಮೂವರೂ ನಕ್ಕೆವು.

ಆ ಸಂಜೆ ಕಾಲುನೋವಿದ್ದರೂ ಅಪ್ಪಯ್ಯನೇ ಟ್ರೇನು ಬೇಡವೆಂದದ್ದಕ್ಕೆ ಖಾಡಿಯ ಸೇತುವೆಯ ಮೇಲೆ ನಡೆದುಕೊಂಡೇ ಕಳವಾಕ್ಕೆ ಬಂದೆವು. ನಡುವೆ ಅಪ್ಪಯ್ಯ ಕಾಲು ನೀವಿಕೊಳ್ಳಲು ನಿಂತ. ಆಗ ಹೇಳಿದ, "ನಿನ್ನ ಅಮ್ಮ ಒಂದ್ ಸಲ ಬಂದಿದ್ಲ್ ನಮ್ಮ ಹೋಟೆಲಿಗೆ."

ಅದಕ್ಕೆ ಮೊದಲು ಅಮ್ಮನ ಮಾತನ್ನು ಅವನು ತಾನಾಗಿಯೇ ತೆಗೆದದ್ದು ನನಗೆ ನೆನಪಿಲ್ಲ.

"ಒಂದಿನ ಗಿರಾಕಿಗಳ ಹಾಂಗೆ ಕುರ್ಚಿ ಮೇಲೆ ಕೂಕಂಡ್ ತಿನ್ಕ್ ಅಂತ ಅವ್ಳಿಗೆ ಆಸೆ. ನೀ ಮಡಿಲಲ್ಲಿ ಇದ್ದೆ. ನಾನೇ ಒಳಗಿಂದ ಪ್ಲೇಟ್ ತಂದಿಟ್ಟೆ. ಬನ್ಸ್ ಮತ್ತೆ ಸಾಂಬಾರ್. ನಾಚಿಕಂಡ್ ಗೋಡೆ ಬದಿಗೆ ಮುಖ ಮಾಡಿ ತಿಂದ್ಲ್. ನಿಂಗೂ ಚೂರು ಚೂರು ಮುರ್ದ್ ಕೊಟ್ಲ್."

"ಆಮೇಲೆ?"

"ಆಮೇಲೆ ಎಂತ? ಕೈ ತೊಳ್ಕಂಡ್ ಮನೆಗ್ ಬಂದ್ಲ್."

ಅಷ್ಟೇ ಹೇಳಿ ಮುಂದೆ ನಡೆದ. ಇನ್ನೂ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿತು. ಅವನ ಮುಖ ನೋಡಿದರೆ ಕೇಳಲಾಗುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅಪ್ಪಯ್ಯ ಚಹಾ ಕುಡಿದು ಲೋಟ ಕೆಳಗಿಟ್ಟವನು ಹಾಗೆಯೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಮರುದಿನ ಅವನು ದುಡಿದ ಹೋಟೆಲಿನಿಂದಲೇ ಊಟ ಬಂತು. ಹಳೆಯ ಧಣಿಗಳು ಕಳಿಸಿದ್ದರು. ಮಾವಶಿ ತಟ್ಟೆಗೆ ಬಡಿಸಿ ನನ್ನ ಮುಂದೆ ಇಟ್ಟರು. ಸಾಂಬಾರಿನ ತೊಗರಿಬೇಳೆ, ಕುಂಬಳಕಾಯಿ ಎಲ್ಲ ಮೊದಲಿನಂತೆಯೇ ಕಾಣುತ್ತಿತ್ತು. ಒಂದು ತುತ್ತು ಬಾಯಿಗಿಟ್ಟೆ. ಅದು ಬೇರೆಯವರ ಕೈಯ ಸಾಂಬಾರು. ಅಪ್ಪಯ್ಯ ಹೋದದ್ದು ನನಗೆ ನಿಜವಾಗಿ ತಿಳಿದದ್ದು ಸುಡುಗಾಡಿನಿಂದ ಜನ ಮರಳಿ ಬಂದಾಗ ಅಲ್ಲ, ಆ ತುತ್ತಿನಲ್ಲಿ.

ಅದಾದ ಮೇಲೆ ನಾನು ಉಡುಪಿ ಹೋಟೆಲುಗಳ ಒಳಗೆ ಕಾಲಿಡಲಿಲ್ಲ. ಕಳವಾದ ಕೋಣೆ ಬಿಟ್ಟು ನೆರೂಳಿನಲ್ಲಿ ಚಿಕ್ಕ ಫ್ಲ್ಯಾಟು ಮಾಡಿಕೊಂಡೆ. ಅಲ್ಲಿಂದ ಬೇಲಾಪುರದ ಕಚೇರಿಗೆ ಹತ್ತಿರ. ಅಪ್ಪಯ್ಯ ಇದ್ದಾಗ ಸಂಬಂಧಗಳನ್ನು ಹುಡುಕುತ್ತಿದ್ದ, ಯಾವುದೂ ಕೂಡಿಬರಲಿಲ್ಲ. ಅವನು ಹೋದ ಮೇಲೆ ಹುಡುಕುವವರೂ ಇರಲಿಲ್ಲ, ನಾನೂ ಹುಡುಕಲಿಲ್ಲ. ಅಡುಗೆ ಎಂದರೆ ನನಗೆ ಬರುತ್ತಿದ್ದದ್ದು ಮಾವಶಿಯಿಂದ ಕಲಿತ ವರಣ ಎಂಬ ತೊವ್ವೆ, ಅನ್ನ, ಬಟಾಟೆ ಭಾಜಿ. ಅದನ್ನೇ ಮಾಡಿಕೊಂಡು, ಟೀವಿಯ ಮುಂದೆ ಉಂಡು, ಒಂದು ತಟ್ಟೆ ಒಂದು ಲೋಟ ತೊಳೆದಿಡುತ್ತಿದ್ದೆ. ಕಚೇರಿಯವರು ಹೋಟೆಲಿಗೆ ಹೊರಟಾಗ ನನಗೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಕೆಲವು ದಿನಗಳ ನಂತರ ಅವರು ಕರೆಯುವುದನ್ನೇ ಬಿಟ್ಟರು.

ಹೀಗೆ ಬಹಳ ವರ್ಷ ಕಳೆಯಿತು. ಒಂದು ಭಾನುವಾರ ಸಹೋದ್ಯೋಗಿಯೊಬ್ಬಳ ಹೊಸ ಮನೆಯ ವಾಸ್ತುಶಾಂತಿಗೆಂದು ಡೊಂಬಿವಲಿಗೆ ಹೋಗಿದ್ದೆ. ಅಲ್ಲಿ ಎಲ್ಲರೂ ಗಂಡ, ಮಕ್ಕಳ ಜೊತೆ ಬಂದಿದ್ದರು. ನಾನು ಉಡುಗೊರೆ ಕೊಟ್ಟು, ಊಟಕ್ಕೆ ನಿಲ್ಲದೆ, ಏನೋ ನೆಪ ಹೇಳಿ ಬೇಗ ಹೊರಟೆ. ಸ್ಟೇಷನ್ನಿಗೆ ಬಂದರೆ ಮೆಗಾಬ್ಲಾಕ್, ಹಳಿ ದುರಸ್ತಿಯ ದಿನ. ಗಾಡಿಗಳು ತಡವಾಗಿ ಓಡುತ್ತಿದ್ದವು, ಪ್ಲ್ಯಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು, ಹಸಿವೆ. ಪೂರ್ವದ ಕಡೆ ಇಳಿದು, ಮೊದಲು ಕಂಡ ಹೋಟೆಲಿಗೆ ನುಗ್ಗಿದೆ. ಅದು ಉಡುಪಿ ಹೋಟೆಲು ಎಂಬುದು ಒಳಗೆ ಹೋದ ಮೇಲೆ, ಗಲ್ಲೆಯ ಮೇಲಿನ ಕೃಷ್ಣನ ಪಟ ನೋಡಿದ ಮೇಲೆಯೇ ತಿಳಿಯಿತು. ತಿರುಗಿ ಹೋಗೋಣವೆಂದರೆ ಹಿಂದಿನಿಂದ ಜನ ಬರುತ್ತಿದ್ದರು. ಒಂಟಿಯಾಗಿ ಬಂದವರಿಗೆ ಅಲ್ಲಿ ಬೇರೆ ಮೇಜು ಸಿಗುವ ಹಾಗಿರಲಿಲ್ಲ. ಮಾಣಿ ನನ್ನನ್ನು ಮೂಲೆಯ ಮೇಜಿನಲ್ಲಿ, ಒಬ್ಬ ವಯಸ್ಸಾದ ಹೆಂಗಸಿನ ಎದುರು ಕೂರಿಸಿದ. ಅವರು ಇಳಕಲ್ ಸೀರೆ ಉಟ್ಟು, ಇಡ್ಲಿಯನ್ನು ಚಮಚೆಯಿಂದ ನಿಧಾನವಾಗಿ ಮುರಿದು ತಿನ್ನುತ್ತಿದ್ದರು.

ನಾನು ವಡೆ ಸಾಂಬಾರು ಹೇಳಿದೆ.

ಬಟ್ಟಲು ಬಂತು. ಮೊದಲು ಬಂದದ್ದು ಕೊಬ್ಬರಿ ಎಣ್ಣೆಯ ಒಗ್ಗರಣೆಯ ವಾಸನೆ. ಮುಂಬಯಿಯ ಹೋಟೆಲುಗಳಲ್ಲಿ ಕೊಬ್ಬರಿ ಎಣ್ಣೆ ಹಾಕುವವರು ಕಡಿಮೆ, ಇಲ್ಲಿಯ ಗಿರಾಕಿಗಳಿಗೆ ಅದು ಆಗಿಬರುವುದಿಲ್ಲ. ಆದರೆ ಅಪ್ಪಯ್ಯ ಕೊನೆಗೆ ಒಂದಿಷ್ಟು ಹಾಕುತ್ತಿದ್ದ. ವಡೆಯನ್ನು ಮುರಿದು ಅದ್ದಿ ಬಾಯಿಗಿಟ್ಟೆ. ಬೆಲ್ಲ, ಹುಳಿ, ಇಂಗು, ಬೆಂದು ಕರಗಿದ ಸಿಹಿಗುಂಬಳ. ಅಪ್ಪಯ್ಯನ ಸಾಂಬಾರೇ ಎನ್ನಲಾರೆ. ಅದರ ಅಣ್ಣನೋ ತಮ್ಮನೋ ಇರಬೇಕು. ನಾನು ಪೂರ್ತಿಯಾಗಿ ಮರೆತೇಹೋಗಿದ್ದ ಒಂದು ದಿನ ಎದ್ದು ಬಂತು.

ನನಗೆ ಏಳೆಂಟು ವರ್ಷ. ಮೈ ಸುಡುವ ಜ್ವರ. ಮಾವಶಿ ತಮ್ಮ ಊರಿಗೆ ಹೋಗಿದ್ದರು. ಅಪ್ಪಯ್ಯ ನನ್ನನ್ನು ಕಂಬಳಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತುಕೊಂಡು, ಲೋಕಲ್‌ನಲ್ಲಿ ಹೋಟೆಲಿಗೆ ಒಯ್ದ. ಅಡುಗೆಮನೆಯ ಮೂಲೆಯಲ್ಲಿ ಖಾಲಿ ಗೋಣಿಚೀಲಗಳನ್ನು ಮಡಿಸಿ ಹಾಸಿ ಮಲಗಿಸಿದ. ಬೆನ್ನಿಗೆ ತಾಗುವ ಗೋಡೆಯ ಆಚೆ ಒಲೆ ಇತ್ತು, ಗೋಡೆ ಬೆಚ್ಚಗಿತ್ತು. ರುಬ್ಬುವ ಯಂತ್ರ ಗುರ್ರೆನ್ನುತ್ತಾ ತಿರುಗುತ್ತಿತ್ತು. ಸಾಸಿವೆ ಸಿಡಿಯುವುದು, ಯಾರೋ ಹೊರಗಿನಿಂದ "ಎರಡು ಸಾದಾ, ಒಂದು ಮಸಾಲೆ" ಎಂದು ಕೂಗುವುದು, ಅಪ್ಪಯ್ಯ ಒಳಗಿನಿಂದ "ಹೋ" ಎನ್ನುವುದು. ಅವನು ಬನಿಯನ್ನಿನಲ್ಲಿದ್ದ, ಬೆನ್ನೆಲ್ಲ ಬೆವರು. ನಡುನಡುವೆ ಬಂದು ಒದ್ದೆ ಕೈಯನ್ನು ಪಂಚೆಗೆ ಒರೆಸಿ ನನ್ನ ಹಣೆ ಮುಟ್ಟಿ ನೋಡುತ್ತಿದ್ದ. ಧಣಿಗಳು ಒಳಗೆ ಬಂದು, "ಯಾರಿದು?" ಎಂದರು.

"ನನ್ನ ಮಗಳು ಧಣಿ. ಜ್ವರ."

"ಹೊಗೆಯಲ್ಲಿ ಯಾಕೆ ಮಲಗಿಸಿದ್ದೀರಿ? ಹೊರಗೆ ಫ್ಯಾನಿನ ಕೆಳಗೆ ಮಲಗಿಸಿ."

"ಬೇಡ ಧಣಿ. ಇಲ್ಲೇ ನನ್ನ ಕಣ್ಣೆದುರಿಗೆ ಇರಲಿ."

ಮಧ್ಯಾಹ್ನದ ರಶ್ಶು ಇಳಿದ ಮೇಲೆ ಅಪ್ಪಯ್ಯ ಚಿಕ್ಕ ಬಟ್ಟಲಿನಲ್ಲಿ ಅನ್ನಕ್ಕೆ ಸಾಂಬಾರು ಹಾಕಿ, ಬೆರಳಿನಿಂದ ನುಣ್ಣಗೆ ಹಿಸುಕಿ, ನನ್ನನ್ನು ತೊಡೆಗೆ ಒರಗಿಸಿಕೊಂಡು ಉಣ್ಣಿಸಿದ. ಅವನ ಬೆರಳುಗಳು ಒಲೆಯ ಕಾವಿಗೆ ಒರಟಾಗಿದ್ದವು, ನನ್ನ ತುಟಿಗೆ ತರಚುತ್ತಿದ್ದವು. "ಇನ್ನೊಂದ್ ತುತ್ತ್, ಇನ್ನೊಂದೇ," ಎನ್ನುತ್ತಿದ್ದ.

ಡೊಂಬಿವಲಿಯ ಆ ಹೋಟೆಲಿನಲ್ಲಿ ವಡೆಯ ತುಂಡು ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದೇನೆ ಎಂಬುದು ನನಗೆ ತಿಳಿದದ್ದು ಎದುರಿನ ಹೆಂಗಸು ಮಾತಾಡಿಸಿದಾಗ.

"ಖಾರ ಆತೇನ್ರೀ?" ಎಂದು ಕೇಳಿ, ತಮ್ಮ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

"ಇಲ್ಲ. ನಮ್ಮ ತಂದೆಯ ನೆನಪಾಯಿತು."

"ಇದ್ದಾರೇನು?"

"ಇಲ್ಲ."

"ಹಂಗಾರ ಅಳ್ರಿ," ಎಂದರು. "ಅತ್ತು ಉಣ್ರಿ. ಆರಿದ್ರ ವಡಿ ಛಲೋ ಆಗೂದಿಲ್ಲ."

ನನಗೆ ಅಳುವಿನ ನಡುವೆಯೇ ನಗು ಬಂತು. ಉಂಡೆ. ಆಮೇಲೆ ಬನ್ಸ್ ತರಿಸಿದೆ. ಅಪ್ಪಯ್ಯನ ಆ ಒಂದು ದಿನ ಹಾಗೆ ಎದ್ದು ಬಂದಿತಲ್ಲ, ಬನ್ಸ್ ತಿಂದರೆ ಅಮ್ಮನೂ ಬಂದಾಳೇನೋ ಎಂಬ ಆಸೆ. ಗೋಡೆಯ ಕಡೆ ಮುಖ ಮಾಡಿ ಕುಳಿತ ಅವಳ ಮಡಿಲಲ್ಲಿ ನಾನಿದ್ದೆನಲ್ಲ. ಚೂರು ಚೂರು ಮುರಿದು, ಸಾಂಬಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ತಿಂದೆ. ಬಾಳೆಹಣ್ಣಿನ ಸಿಹಿ, ಜೀರಿಗೆ, ಎಣ್ಣೆ. ಅಮ್ಮ ಬರಲಿಲ್ಲ. ಕೊನೆಯ ಚೂರಿನವರೆಗೂ ಕಾದೆ.

ಆ ಹೆಂಗಸು ಗದಗಿನ ಕಡೆಯವರು. ಗಂಡನಿಗೆ ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಕೆಲಸವಿತ್ತು, ಈಗ ತೀರಿಕೊಂಡಿದ್ದರು. ಅವರು ಇದ್ದದ್ದು ಮಗನ ಮನೆಯಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ದೇವಸ್ಥಾನಕ್ಕೆಂದು ಹೊರಟು ಇಲ್ಲಿಗೆ ಬಂದು ಇಡ್ಲಿ ತಿನ್ನುತ್ತಿದ್ದರು. ನಿಮಗೂ ಇಲ್ಲಿಯ ರುಚಿಯಿಂದ ಮನೆಯ ನೆನಪಾಗುತ್ತದೆಯೇ ಎಂದು ಕೇಳಿದೆ.

"ಎಲ್ಲೀದವ್ವಾ!" ಎಂದರು. ಅಷ್ಟರಲ್ಲಿ ಅವರ ಬಾಯಲ್ಲಿ ರೀ ಹೋಗಿ ಅವ್ವಾ ಬಂದಿತ್ತು. "ನಮ್ಮ ಮನ್ಯಾಗ ಇಡ್ಲಿ ಯಾರು ಮಾಡ್ತಿದ್ರು? ಸಾಂಬಾರಿಗೆ ಬೆಲ್ಲ ಹಾಕ್ತಾರಲ್ಲ, ನನಗ ಸೇರೂದ ಇಲ್ಲ."

"ಮತ್ತೆ ಯಾಕೆ ಬರುತ್ತೀರಿ?"

"ಮಾಣಿ ಬಂದು, ಅಮ್ಮಾ ಏನು ಕೊಡಲಿ ಅಂತ ಕನ್ನಡದಾಗ ಕೇಳ್ತಾನ. ಅದಕ್ಕ ಬರ್ತೀನಿ. ಮನ್ಯಾಗ ಮಗ, ಸೊಸಿ ಹಿಂದಿ ಮಾತಾಡ್ತಾರ. ಸೊಸಿ ಛಲೋ ಹುಡುಗಿ, ನನ್ನ ಭಾಳ ನೋಡಿಕೋತಾಳ, ಆದ್ರ ಆಕಿಗೆ ಕನ್ನಡ ಬರೂದಿಲ್ಲ. ಮೊಮ್ಮಗಳಿಗೆ ನಾ ಅಂದದ್ದು ಎಲ್ಲಾ ತಿಳೀತದ. ಉತ್ತರ ಮಾತ್ರ ಮರಾಠಿ ಒಳಗ ಕೊಡ್ತಾಳ."

ಮುಂದಿನ ಭಾನುವಾರ ನಾನು ನೆರೂಳಿನಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಗಾಡಿ ಬದಲಿಸಿ ಮತ್ತೆ ಹೋದೆ. ಅವರು ಅದೇ ಮೂಲೆಯಲ್ಲಿದ್ದರು. ನನ್ನನ್ನು ನೋಡಿ, ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ತೆಗೆದುಕೊಂಡರು. ಆಮೇಲೆ ಅದು ರೂಢಿಯಾಯಿತು. ಕಚೇರಿಯಲ್ಲಿ ಶುಕ್ರವಾರವಾದರೆ ನನಗೆ ಭಾನುವಾರದ ಯೋಚನೆ. ಹೋಟೆಲಿನಲ್ಲಿ ನಾವು ದೊಡ್ಡ ಮಾತೇನೂ ಆಡುತ್ತಿರಲಿಲ್ಲ. ಅವರ ಮೊಣಕಾಲು ನೋವು, ನನ್ನ ಮೇಲಧಿಕಾರಿ, ಹರಿವೆ ಸೊಪ್ಪಿನ ಬೆಲೆ. ನಾನು ಹೇಳಿದ ಅಪ್ಪಯ್ಯನ ಕಥೆಗಳನ್ನು ಅವರು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರು. ಅಪ್ಪಯ್ಯ ತಟ್ಟೆ ಎತ್ತಿಕೊಂಡು ಹೊರಟ ಕಥೆಗೆ ಅವರು ಪ್ರತಿ ಸಲವೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವರು. ಅಪ್ಪಯ್ಯನ ವಿಷಯವನ್ನು ನಾನು ಇನ್ನೊಬ್ಬರ ಹತ್ತಿರ ಅಷ್ಟು ಆಡಿದ್ದೇ ಇಲ್ಲ. ಆಡುವುದಕ್ಕೆ ಯಾರಿದ್ದರು?

ಸಂಕ್ರಾಂತಿಯ ಹೊತ್ತಿಗೆ ಒಂದು ಸಲ ಅವರು ಮೇಜಿನ ಕೆಳಗಿನಿಂದ ನನ್ನ ಮೊಣಕಾಲಿಗೆ ಏನೋ ತಿವಿದರು. ನೋಡಿದರೆ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ನಮ್ಮ ತಲೆಯ ಮೇಲೆಯೇ ಇತ್ತು.

"ಸಜ್ಜಿರೊಟ್ಟಿ, ಬದನಿಕಾಯಿ ಎಣಗಾಯಿ. ಈ ನನ್ನ ಮಗಳಿಗಂತ ಮಾಡೀನಿ," ಎಂದು ಪಿಸುಗುಟ್ಟಿದರು. "ಸಪ್ಪಳ ಮಾಡಬ್ಯಾಡ, ರೊಟ್ಟಿ ಮುರಿದ್ರ ಕೇಳ್ತದ."

ನಾನು ರೊಟ್ಟಿಯನ್ನು ಮಡಿಲಲ್ಲಿಯೇ ಮುರಿದು, ಅವರು ನಡುನಡುವೆ ಕೆಮ್ಮುತ್ತಾ, ಕಳ್ಳರ ಹಾಗೆ ತಿಂದೆವು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚಿನಲ್ಲಿ ಸುಟ್ಟ ಕಲೆ. ಮಾಣಿ ನೋಡಿಯೂ ನೋಡದವನ ಹಾಗೆ ಎರಡು ಸಲ ಹಾದುಹೋದ.

ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ಅವರು ಬರಲಿಲ್ಲ. ಮಳೆಗೆ ಹೆದರಿರಬೇಕು ಎಂದುಕೊಂಡೆ. ಮುಂದಿನ ವಾರವೂ ಬರಲಿಲ್ಲ. ನಾವು ಒಬ್ಬರ ಫೋನು ನಂಬರು ಇನ್ನೊಬ್ಬರು ತೆಗೆದುಕೊಂಡಿರಲಿಲ್ಲ. ಅವರ ಹತ್ತಿರ ಫೋನಿರಲಿಲ್ಲ, ಮಗನ ನಂಬರು ಕೇಳಲು ನನಗೆ ಸಂಕೋಚವಾಗಿತ್ತು. ಭಾನುವಾರ ಬಂದರೆ ಸಿಗುತ್ತಾರಲ್ಲ ಎಂಬ ಧೈರ್ಯ. ಮಾಣಿಯನ್ನು ಕೇಳಿದೆ.

"ನಿಮಗೆ ಗೊತ್ತಾಗ್ಲಿಲ್ವಾ ಅಕ್ಕ? ಅವರ ಮಗನಿಗೆ ನಾಗಪುರಕ್ಕೆ ಟ್ರಾನ್ಸ್‌ಫರ್ ಆಯ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಡುವಾರ ಒಂದಿನ ಓಡಿ ಬಂದಿದ್ರು. ನೀವು ಇರ್ತೀರೋ ಅಂತ ನೋಡಿದ್ರು."

"ಏನಾದರೂ ಹೇಳಿದರಾ?"

"ಒಬ್ಬಾಕಿನ ಅದೀನಿ ಅಂತ ತಿನ್ನೂದು ಅರ್ಧಕ್ಕ ಬಿಟ್ಟು ಏಳಬ್ಯಾಡ ಅಂತ ಹೇಳು ಅಂದ್ರು," ಎಂದು ಅವರ ಮಾತಿನ ಧಾಟಿಯಲ್ಲಿಯೇ ಹೇಳಿ, ಆಮೇಲೆ ತನ್ನ ಸ್ವಂತ ದನಿಯಲ್ಲಿ, "ಏನು ಕೊಡಲಿ?" ಎಂದ.

ವಡೆ ತರಿಸಿದೆ, ಪೂರ್ತಿ ತಿಂದೆ. ಸಾಂಬಾರು ಅಂದಿನಂತೆಯೇ ಇತ್ತು, ಅಪ್ಪಯ್ಯನ ಕಾವಲಿಯ ಸದ್ದೂ ಗೋಣಿಚೀಲದ ವಾಸನೆಯೂ ಎಂದಿನಂತೆ ಬಂದವು. ಆದರೆ ಅದನ್ನು ಹೇಳಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಹಿಂದೆ, ಅವರು ಸಿಗುವ ಮೊದಲು, ನನಗೆ ಹೇಳಿಕೊಳ್ಳಬೇಕು ಎಂದು ಅನ್ನಿಸುತ್ತಲೇ ಇರಲಿಲ್ಲ. ಈಗ ಅನ್ನಿಸುತ್ತಿತ್ತು. ಅದು ಹೆಚ್ಚು ಕಷ್ಟ.

ಎರಡು ಮೂರು ವಾರ ಹೋಗಲಿಲ್ಲ. ಭಾನುವಾರಗಳಲ್ಲಿ ಬಟ್ಟೆ ಒಗೆದೆ, ಮಲಗಿದೆ, ಕಿಟಕಿಯಲ್ಲಿ ನಿಂತು ಎದುರಿನ ಕಟ್ಟಡದ ಬಾಲ್ಕನಿಗಳನ್ನು ನೋಡಿದೆ. ಆಮೇಲೆ ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಕೊಡೆ ಹಿಡಿದುಕೊಂಡು ಹೊರಟೆ. ಹೋಟೆಲು ಯಾವಾಗಿನಂತೆ ತುಂಬಿತ್ತು. ಮೂಲೆಯ ಮೇಜಿಗೆ ಹೋಗಿ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಮಾಣಿ ನನ್ನ ಎದುರಿಗೆ ಒಂದು ಜೋಡಿಯನ್ನು ತಂದು ಕೂರಿಸಿದ. ಹೊಸದಾಗಿ ಮದುವೆಯಾದವರು, ಹುಡುಗಿಯ ಕೈತುಂಬ ಹಸಿರು ಬಳೆ. ಮರಾಠಿಯಲ್ಲಿ ಸಣ್ಣ ದನಿಯಲ್ಲಿ ಏನೋ ಮಾತಾಡಿಕೊಂಡು ನಗುತ್ತಿದ್ದರು. ದೋಸೆ ಬಂದಾಗ ಹುಡುಗ ತನ್ನ ಮೊಬೈಲು ನನ್ನ ಕಡೆ ಚಾಚಿ, "ಕಾಕೂ, ಒಂದು ಫೋಟೋ ತೆಗೆಯುತ್ತೀರಾ?" ಎಂದು ಮರಾಠಿಯಲ್ಲಿ ಕೇಳಿದ.

ನಾನು ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತರು. ಒಂದು ತೆಗೆದೆ, ಹುಡುಗಿ ಕಣ್ಣು ಮುಚ್ಚಿದ್ದಳು. ಇನ್ನೊಂದು ತೆಗೆದೆ. ಅವರು ನೋಡಿ, ಚೆನ್ನಾಗಿ ಬಂದಿದೆ ಎಂದು ಹೇಳಿ ಫೋನು ತೆಗೆದುಕೊಂಡು ತಮ್ಮ ಮಾತಿಗೆ ಮರಳಿದರು. ನಾನು ನನ್ನ ಊಟವನ್ನು ಅರ್ಧಕ್ಕೆ ಬಿಡದೆ ಮುಗಿಸಿ, ಕೈ ತೊಳೆದು, ಸ್ಟೇಷನ್ನಿನ ಕಡೆ ನಡೆದೆ. ಅವತ್ತು ಗಾಡಿಗಳು ಸರಿಯಾದ ವೇಳೆಗೆ ಓಡುತ್ತಿದ್ದವು.